ಪಾದದ ವಂಶಾವಳಿ

ವರ್ಷವಿಡೀ ಹೂಬಿಡುವ ನಿತ್ಯಪುಷ್ಪವನ್ನು ನೀವೆಲ್ಲ ಕಂಡಿದ್ದೀರಿ. ಮಡಗಾಸ್ಕರ್ ದ್ವೀಪದ ಈ ಗಿಡ ನಮ್ಮ ಅಂಗಳಕ್ಕೂ ಬಂದು ನೆಲೆಸಿದೆ. ಇದರಿಂದ ತೆಗೆದ ವಿನ್‌ಕ್ರಿಸ್ಟೀನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 1963ರಲ್ಲಿ ಮಂಜೂರಾತಿ ದೊರೆಯಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಅದು ಇಂದಿಗೂ ಮುಖ್ಯವಾದ ಮದ್ದು.

ಜೀವಕೋಶವೊಂದು ಎರಡಾಗಬೇಕಾದರೆ ಅದರೊಳಗೆ ಅತಿಸೂಕ್ಷ್ಮ ನಳಿಗೆಗಳು ಹೆಣೆದುಕೊಳ್ಳಬೇಕು. ಆ ಹೆಣಿಗೆಯನ್ನು ಈ ಮದ್ದು ತಡೆಯುತ್ತದೆ. ಕ್ಯಾನ್ಸರಿನ ಕೋಶ ಸಾಯುತ್ತದೆ. ತೊಡಕೆಂದರೆ, ನರಗಳೊಳಗೆ ಸರಕು ಸಾಗುವುದೂ ಅಂಥ ನಳಿಗೆಗಳ ಮೇಲೆಯೇ. ಕಾಲ್ಬೆರಳಿನವರೆಗೆ ಚಾಚಿದ ಉದ್ದನೆಯ ನರಗಳು ಮೊದಲು ಸೊರಗುತ್ತವೆ. ಪಾದ ಜುಮ್ಮೆನ್ನುವುದು, ಮುಂಗಾಲು ಎತ್ತಲಾಗದೆ ಎಡವುವುದು ಹಲವರಿಗೆ ಬರುವುದುಂಟು. ಮದ್ದು ನಿಂತಮೇಲೆ ಬಹುಮಟ್ಟಿಗೆ ಇಳಿಯುತ್ತದೆ.

ಹುಟ್ಟಿನಿಂದಲೇ ನರ ದುರ್ಬಲವಾಗಿರುವವರ ಪಾಡು ಬೇರೆ. 1886ರಲ್ಲಿ ಪ್ಯಾರಿಸಿನ ಶಾರ್ಕೊ ಮತ್ತು ಮಾರಿ, ಇಂಗ್ಲೆಂಡಿನ ಟೂತ್ ಎಂಬ ವೈದ್ಯರು ವಂಶಪಾರಂಪರ್ಯದ ನರರೋಗವೊಂದನ್ನು ವರ್ಣಿಸಿದರು. ಮೂವರ ಹೆಸರೂ ಅದಕ್ಕೆ ಅಂಟಿದೆ. ಟೂತ್ ಎಂದ ಮಾತ್ರಕ್ಕೆ ಹಲ್ಲಿನ ರೋಗವೆಂದು ತಿಳಿಯಬೇಡಿ; ಅದು ಎದ್ದು ಕಾಣುವುದು ಪಾದದಲ್ಲಿ. ಕಮಾನಿನಂತೆ ಏರಿದ ಅಂಗಾಲು, ಕೊಕ್ಕೆಯಂತೆ ಮಡಿಚಿದ ಬೆರಳು, ಸಣಕಲು ಮೀನಖಂಡ, ಪದೇಪದೇ ಉಳುಕುವ ಕಣಕಾಲು. ಸುಮಾರು 2500 ಮಂದಿಯಲ್ಲಿ ಒಬ್ಬರಿಗೆ ಇದು ಇರುತ್ತದೆನ್ನುತ್ತಾರೆ. ಇದರ ಅತಿ ಸಾಮಾನ್ಯ ಬಗೆಗೆ 17ನೆಯ ವರ್ಣತಂತುವಿನ ಒಂದು ತುಣುಕು ಇಮ್ಮಡಿಯಾಗಿರುವುದೇ ಕಾರಣವೆಂದು 1991ರಲ್ಲಿ ತಿಳಿಯಿತು. ನರದ ಹೊದಿಕೆ ಕೆಡುತ್ತದೆ. ತಂದೆಗೋ ತಾಯಿಗೋ ಈ ಬಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಅಂಥವರಲ್ಲಿ ವಿನ್‌ಕ್ರಿಸ್ಟೀನಿನ ಒಂದೆರಡು ಸೂಜಿಗೇ ಕೈಕಾಲು ಸೋತು ನಡೆಯಲಾರದಂತಾದ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ಕೆಲವು ಮನೆತನಗಳ ರೋಗ ಬಯಲಾದದ್ದೇ ಆಗ. ಹೊದಿಕೆ ಕೆಟ್ಟ ಬಗೆಯವರಿಗೆ ಇದನ್ನು ಕೊಡಕೂಡದೆಂದು ಮದ್ದಿನ ಸೂಚನಾಪತ್ರದಲ್ಲಿಯೇ ಇದೆ.

ಆದರೆ ವೈದ್ಯರಿಗೆ ತಿಳಿಯುವುದು ಹೇಗೆ? ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಶಾಸನಗಳ ವಂಶಾವಳಿಯನ್ನು ಓದಿ ಓದಿಸಿದವನು. ಯಾರು ಯಾರನ್ನು ಗೆದ್ದರೆಂದು ಅಲ್ಲಿದೆ. ಯಾರ ಕಾಲು ಸೊಟ್ಟಗಿತ್ತೆಂದು ಇಲ್ಲ. ನಮ್ಮ ಮನೆಗಳ ರೀತಿಯೂ ಅದೇ. ಹೆಣ್ಣು ಕೊಡುವಾಗ, ತರುವಾಗ, ಅಜ್ಜನ ಕುಂಟನ್ನು ‘ಚಿಕ್ಕಂದಿನಲ್ಲಿ ಬಿದ್ದದ್ದು’ ಎಂದು ಮುಚ್ಚುತ್ತೇವೆ. ಕ್ರಮೇಣ ಮುಚ್ಚಿದವರೂ ಅದನ್ನೇ ನಂಬುತ್ತಾರೆ. ಮೊಮ್ಮಗುವಿನ ಹಾಸಿಗೆಯ ಬಳಿ ವೈದ್ಯರು ಕೇಳಿದಾಗ ‘ನಮ್ಮಲ್ಲಿ ಯಾರಿಗೂ ಏನೂ ಇಲ್ಲ’ ಎಂಬ ಉತ್ತರ ಬರುತ್ತದೆ.

ಚಿಕಿತ್ಸೆಗೆ ಮೊದಲು ವೈದ್ಯರು ಮಗುವಿನ ಜೊತೆಗೆ ತಂದೆತಾಯಿಯರ ಪಾದವನ್ನೂ ನೋಡಬಯಸಿದರೆ ಸಂಕೋಚಪಡಬೇಡಿ. ಹೆದರಿ ಚಿಕಿತ್ಸೆಯನ್ನೇ ಬಿಡುವುದು ಮಾತ್ರ ಸಲ್ಲದು. ಅನುಮಾನವಿದ್ದರೆ ನರದ ವೇಗವನ್ನು ಅಳೆಯುವ ಪರೀಕ್ಷೆಯಿದೆ, ವಂಶವಾಹಿಯ ಪರೀಕ್ಷೆಯೂ ಇದೆ. ಮೊದಲೇ ಗೊತ್ತಾದರೆ, ನಿತ್ಯಪುಷ್ಪದ ಈ ಮದ್ದನ್ನು ಬಿಟ್ಟು ಚಿಕಿತ್ಸೆಯನ್ನು ಬೇರೆ ಬಗೆಯಲ್ಲಿ ಹೊಂದಿಸಲು ಅವರಿಗೆ ಅವಕಾಶವಿರುತ್ತದೆ.