ಹಿಡಿಯುಳ್ಳ ಗುಂಡು

ಪೇಟೆಯ ದವಸದ ಮಂಡಿಗಳಲ್ಲಿ ದೊಡ್ಡ ತಕ್ಕಡಿಯ ಪಕ್ಕಕ್ಕೆ ಸಾಲಾಗಿ ಇಟ್ಟಿರುತ್ತಿದ್ದ ಕಬ್ಬಿಣದ ತೂಕದ ಕಲ್ಲುಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 20 ಕಿಲೋದ ಕಲ್ಲಿಗೆ ಮೇಲೊಂದು ಹಿಡಿ. ಬಿಡುವಾದಾಗ ಮಂಡಿಯ ಹುಡುಗರು ಅದನ್ನು ಒಂಟಿ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಪಂಥ ಕಟ್ಟುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ರಷ್ಯ ದೇಶದ ಸಂತೆಗಳಲ್ಲಿಯೂ ಇಂಥದೇ ನಡೆಯುತ್ತಿತ್ತು. ಆದರೆ ಅಲ್ಲಿಯ ಪಂಥ ಕಾಲಕ್ರಮದಲ್ಲಿ ಒಂದು ವ್ಯಾಯಾಮಶಾಸ್ತ್ರವಾಗಿ ಬೆಳೆಯಿತು. ಧಾನ್ಯ ತೂಗುವ ಆ ಗುಂಡಿಗೆ ರಷ್ಯನ್ನರು ‘ಗಿರ್ಯಾ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ಕೆಟಲ್‌ಬೆಲ್. ಅವರ ಹಳೆಯ ಅಳತೆಯಾದ ‘ಪೂದ್’ ಎಂಬುದು ಸುಮಾರು 16 ಕಿಲೋ. ಆ ಅಳತೆ ಮರೆಯಾದರೂ ಸ್ಪರ್ಧೆಗಳ ಗುಂಡುಗಳು ಇಂದಿಗೂ 16, 24, 32 ಕಿಲೋಗಳಲ್ಲಿಯೇ ಇವೆ: ಒಂದು, ಒಂದೂವರೆ, ಎರಡು ಪೂದ್. ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯ ವ್ಲಾದಿಸ್ಲಾವ್ ಕ್ರಾಯೆವ್‌ಸ್ಕಿ 1885ರಲ್ಲಿ ಹವ್ಯಾಸಿಗಳ ಒಂದು ಅಂಗಸಾಧನೆಯ ಕೂಟವನ್ನು ಆರಂಭಿಸಿದ. ಸಂತೆಯ ಗುಂಡು ಸಭ್ಯರ ಮನೆಯನ್ನು ಹೊಕ್ಕದ್ದು ಅಂಥವರಿಂದ. ಅದಾಗಿ ನೂರು ವರ್ಷಕ್ಕೆ, 1985ರಲ್ಲಿ, ಸೋವಿಯತ್ ಒಕ್ಕೂಟದ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ಲಿಪೆತ್ಸ್ಕ್ ನಗರದಲ್ಲಿ ನಡೆಯಿತು.

ನಾನು ಈ ಗುಂಡಿನ ಬಳಿಗೆ ಹೋದದ್ದು ಚರಿತ್ರೆಯ ಕುತೂಹಲದಿಂದ ಅಲ್ಲ. ಮೂವತ್ತು ವರ್ಷ ಕುರ್ಚಿಯಲ್ಲಿ ಕುಳಿತು ಬರೆದವನ ಬೆನ್ನು ನನ್ನದು. ನನಗೆ 58 ವರ್ಷವಾಗಿದ್ದಾಗ ತಾಯಿ ಹಾಸಿಗೆ ಹಿಡಿದರು. ದಿನವೂ ಅವರನ್ನು ಮಂಚದಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂರನೆಯ ವಾರಕ್ಕೆ ಸೊಂಟ ಹಿಡಿಯಿತು. ಎತ್ತುವಾಗ ನಾನು ತಿಣುಕಿದ್ದು ಅವರ ಕಿವಿಗೆ ಬಿದ್ದಿತ್ತು. ಮರುದಿನದಿಂದ ‘ಇವತ್ತು ಮಲಗೇ ಇರ್ತೀನಿ ಬಿಡಪ್ಪ’ ಎನ್ನತೊಡಗಿದರು. ಮಗನ ಬೆನ್ನಿನ ಮೇಲೆ ತಾಯಿಗೆ ಕನಿಕರ. ಆ ಕನಿಕರದ ಫಲವಾಗಿ ಅವರ ಬೆನ್ನಿನಲ್ಲಿ ಹಾಸಿಗೆ ಹುಣ್ಣು ಕಾಣಿಸಿಕೊಂಡಿತು. ನನ್ನ ನೋವು ಇಳಿದ ಮೇಲೆ ವೈದ್ಯರು ಬೆನ್ನಿನ ಸ್ನಾಯುಗಳಿಗೆ ಬಲ ಬರುವಂಥ ವ್ಯಾಯಾಮ ಮಾಡಬೇಕೆಂದರು. ಬಡಾವಣೆಯ ವ್ಯಾಯಾಮಶಾಲೆಯ ತರುಣ ಶಿಕ್ಷಕ ನನ್ನ ಮುಂದೆ ತಂದಿಟ್ಟದ್ದು ಈ ಗುಂಡನ್ನು.

ಇದರ ಗುಣವೆಲ್ಲ ಹಿಡಿಯಲ್ಲಿದೆ. ಡಂಬೆಲ್ಲಿನಲ್ಲಿ ಭಾರ ಕೈಯ ಎರಡು ಪಕ್ಕಕ್ಕೂ ಸಮನಾಗಿ ಹಂಚಿರುವುದರಿಂದ ಗುರುತ್ವಕೇಂದ್ರ ಮುಷ್ಟಿಯೊಳಗೇ ಇರುತ್ತದೆ. ಗುಂಡಿನಲ್ಲಿ ಅದು ಮುಷ್ಟಿಯಿಂದ ಕೆಲವು ಅಂಗುಲ ಆಚೆಗೆ. ನೀರು ತುಂಬಿದ ಬಕೆಟನ್ನು ಹೊತ್ತು ನಡೆಯುವಾಗ ಅದು ತೂಗಾಡಿ ನಮ್ಮನ್ನು ಒಂದು ಕಡೆಗೆ ಎಳೆಯುತ್ತದಲ್ಲವೆ? ಆ ಎಳೆತವನ್ನೇ ಇಲ್ಲಿ ಸಾಧನೆಯಾಗಿ ಮಾಡಿಕೊಂಡಿದ್ದಾರೆ. ನಮ್ಮ ಗರಡಿಯ ಪೈಲ್ವಾನರು ಗದೆ ತಿರುಗಿಸುವುದರ ಹಿಂದೆಯೂ ಇದೇ ತತ್ತ್ವವಿದೆ: ಕೈ ಒಂದು ಕಡೆ, ಭಾರ ಮತ್ತೊಂದು ಕಡೆ.

ಈ ವ್ಯಾಯಾಮದ ಮೂಲಪಾಠ ಬೀಸು. ಕಾಲುಗಳನ್ನು ಅಗಲಿಸಿ ನಿಂತು, ಗುಂಡನ್ನು ಎರಡೂ ಕೈಗಳಿಂದ ಹಿಡಿದು, ಬೆನ್ನು ಬಾಗದಂತೆ ಸೊಂಟದ ಕೀಲಿನಲ್ಲಿ ಮಡಿದು, ತೊಡೆಗಳ ನಡುವೆ ಹಿಂದಕ್ಕೆ ಒಯ್ಯಬೇಕು. ಅನಂತರ ನಿತಂಬದ ಸ್ನಾಯುಗಳನ್ನು ಬಿಗಿದು ಥಟ್ಟನೆ ನೆಟ್ಟಗಾಗಬೇಕು. ಗುಂಡು ತಾನಾಗಿ ಎದೆಮಟ್ಟಕ್ಕೆ ಏರಿ, ಭಾರವೇ ಇಲ್ಲವೆಂಬಂತೆ ಅರೆಕ್ಷಣ ನಿಂತು, ಮತ್ತೆ ಇಳಿಯುತ್ತದೆ. ಇಳಿದು ಕೆಳತುದಿಗೆ ಬಂದಾಗ ಅದು ತನ್ನ ತೂಕಕ್ಕಿಂತ ಹೆಚ್ಚಿನ ಬಲದಿಂದ ಎಳೆಯುತ್ತದೆ. ಆ ಎಳೆತವನ್ನು ತಡೆಯುವವರು ಬೆನ್ನಿನ, ನಿತಂಬದ, ತೊಡೆಯ ಹಿಂಬದಿಯ ಸ್ನಾಯುಗಳು. ಕುರ್ಚಿಯಲ್ಲಿ ಕೂತು ಕೂತು ಜಡವಾಗುವವೂ ಅವೇ. ದೇಹದ ಅತಿ ದೊಡ್ಡ ಸ್ನಾಯುಗಳು ಬಿಡದೆ ದುಡಿಯುವುದರಿಂದ ಇಪ್ಪತ್ತು ಬೀಸು ಮುಗಿಯುವಷ್ಟರಲ್ಲಿ ಉಸಿರು ಮೆಟ್ಟಿಲು ಹತ್ತಿ ಬಂದವನಂತೆ ಏರುತ್ತದೆ.

ಹೇಳುವುದಕ್ಕೆ ಇಷ್ಟೇ. ಮಾಡಹೊರಟಾಗ ನಾನು ಮೊದಲ ದಿನವೇ ತೋಳಿನಿಂದ ಎತ್ತಿದೆ. ‘ತೋಳನ್ನು ಬರೀ ಹಗ್ಗ ಅಂದ್ಕೊಳ್ಳಿ ಸಾರ್, ಎಳೆಯೋದು ಸೊಂಟ’ ಎಂದ ತರುಣ, ಗುಂಡನ್ನು ಕಸಿದುಕೊಂಡು ಎರಡು ವಾರ ಮುಟ್ಟಗೊಡಲಿಲ್ಲ. ಗೋಡೆಗೆ ಬೆನ್ನು ಮಾಡಿ, ಒಂದಡಿ ದೂರ ನಿಂತು, ಮಂಡಿ ಹೆಚ್ಚು ಮಡಿಸದೆ ನಿತಂಬದಿಂದ ಗೋಡೆಯನ್ನು ಮುಟ್ಟುವುದೇ ಪಾಠ. ನೂರಾರು ವಿದ್ಯಾರ್ಥಿಗಳ ಪ್ರಬಂಧ ತಿದ್ದಿದವನು ಹೀಗೆ ಗೋಡೆ ಮುಟ್ಟುತ್ತಿದ್ದುದನ್ನು ನೋಡಿ ನನ್ನ ಹೆಂಡತಿ ಕಿಟಕಿಯ ಪರದೆ ಎಳೆದಳು. ಆದರೆ ಬಾಗುವುದು ಬೇರೆ, ಮಡಿಯುವುದು ಬೇರೆ ಎಂಬುದು ನನಗೆ ತಿಳಿದದ್ದು ಅಲ್ಲಿಯೇ.

ಇದರ ಲಾಭಗಳನ್ನು ಕುರಿತು ಉತ್ಪ್ರೇಕ್ಷೆ ಬಹಳ. ಪರೀಕ್ಷಿಸಿ ನೋಡಿದವರೂ ಇದ್ದಾರೆ. ಡೆನ್ಮಾರ್ಕಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಮಂದಿ ಇದ್ದರು. ಹೆಚ್ಚಿನವರು ಹೆಂಗಸರು, ಎಲ್ಲರೂ ಮೈಕೈ ನೋವು ಸಾಮಾನ್ಯವಾದ ಉದ್ಯೋಗಗಳವರು. ಅವರಲ್ಲಿ ಒಂದು ಗುಂಪು ವಾರಕ್ಕೆ ಮೂರು ದಿನ, ದಿನಕ್ಕೆ 20 ನಿಮಿಷ, ಎಂಟು ವಾರ ಗುಂಡು ಬೀಸಿತು. ಕತ್ತು, ಭುಜ, ಕೆಳಬೆನ್ನಿನ ನೋವು ತಗ್ಗಿತು, ಬೆನ್ನಿನ ಬಲ ಹೆಚ್ಚಿತು. ಹೃದಯ–ಶ್ವಾಸಕೋಶಗಳ ಸಾಮರ್ಥ್ಯದಲ್ಲಿ ಮಾತ್ರ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಆಸ್ಟ್ರೇಲಿಯದಲ್ಲಿ 59ರಿಂದ 79 ವರ್ಷದ ಹಿರಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮುಷ್ಟಿಯ ಹಿಡಿತ ಬಲವಾದದ್ದು ಕಂಡುಬಂತು. ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವ ಮುದುಕರಿಗೆ ಇದರ ಬೆಲೆ ಗೊತ್ತು.

ಎಲ್ಲರಿಗೂ ಇದು ಹಿತವೆಂದೂ ಹೇಳಲಾರೆ. ಕೆನಡದ ಬೆನ್ನೆಲುಬಿನ ತಜ್ಞ ಸ್ಟುವರ್ಟ್ ಮೆಕ್‌ಗಿಲ್ 2012ರಲ್ಲಿ ತೋರಿಸಿದಂತೆ, ಬೀಸುವಾಗ ಕೆಳಬೆನ್ನಿನ ಕಶೇರುಗಳನ್ನು ಜಾರಿಸುವ ಬಲ ಸಾಮಾನ್ಯವಾಗಿ ಭಾರ ಎತ್ತುವಾಗಿನದಕ್ಕೆ ವಿರುದ್ಧ ದಿಕ್ಕಿನಲ್ಲಿರುತ್ತದೆ. ಕೆಲವರ ಬೆನ್ನಿಗೆ ಇದು ಮದ್ದಾಗಿ, ಇನ್ನು ಕೆಲವರ ಬೆನ್ನಿಗೆ ಕೇಡಾಗಿ ಪರಿಣಮಿಸುವುದಕ್ಕೆ ಅದೇ ಕಾರಣವಿರಬಹುದು. ರಕ್ತದ ಒತ್ತಡ ಉಳ್ಳವರು, ಬೆನ್ನಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ನಾನು 8 ಕಿಲೋದ ಗುಂಡಿನಿಂದ ಆರಂಭಿಸಿ ಏಳು ತಿಂಗಳಿಗೆ 16ಕ್ಕೆ ಬಂದೆ. ಅಷ್ಟರಲ್ಲಿ ತಾಯಿಯನ್ನು ಎತ್ತುವ ರೀತಿಯೂ ಬದಲಾಗಿತ್ತು: ಮಂಚಕ್ಕೆ ಒತ್ತಿ ನಿಂತು, ಸೊಂಟ ಮಡಿದು, ಅವರ ಭಾರವನ್ನು ನನ್ನ ಎದೆಗೆ ತಂದುಕೊಂಡು ಏಳುತ್ತಿದ್ದೆ. ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತ ಮೇಲೆ ‘ನಾನು ಇಳಿದುಹೋದೆನೇನೋ’ ಎಂದು ತಮ್ಮ ಕೈಗಳನ್ನು ನೋಡಿಕೊಂಡರು. ನಿಜವೆಂದರೆ ಇಳಿದೂ ಇದ್ದರು. ಆದರೆ ಆಮೇಲಿನ ಒಂದು ವರ್ಷ ನಾಲ್ಕು ತಿಂಗಳು, ಕಡೆಯ ವಾರವೊಂದನ್ನು ಬಿಟ್ಟು, ಅವರು ದಿನವೂ ಕಿಟಕಿಯ ಬಳಿ ಕೂತರು. ಹುಣ್ಣು ಮತ್ತೆ ಏಳಲಿಲ್ಲ.

ಕೊನೆಗೊಂದು ಮಾತು, ಕಲಿಯಬೇಕೆನ್ನುವವರಿಗೆ. ಬೀಸುವಾಗ ಎಚ್ಚರ ತಾನಾಗಿ ಇರುತ್ತದೆ. ಎಣಿಕೆ ಮುಗಿದು ಗುಂಡನ್ನು ನೆಲಕ್ಕೆ ಇಡುವಾಗ ಮನಸ್ಸು ಆಗಲೇ ಕಾಫಿಯ ಕಡೆಗೆ ಹೋಗಿರುತ್ತದೆ, ಬೆನ್ನು ಬಾಗಿಬಿಡುತ್ತದೆ. ನಾನು ಎರಡು ಸಲ ಸೊಂಟ ಉಳುಕಿಸಿಕೊಂಡದ್ದು ಹಾಗೆಯೇ. ಇಡುವಾಗಲೂ ಎತ್ತಿದಂತೆಯೇ ಮಡಿದು, ಪಾದಗಳ ನಡುವೆ ಇಟ್ಟು, ಹಿಡಿಯಿಂದ ಕೈ ಬಿಟ್ಟ ಮೇಲೆ ನೆಟ್ಟಗಾಗಿ.