ಸಂಜೆಯ ನಾಲ್ಕು ತಾಸು: ಬ್ಯಾಟರಿ, ಜಲಾಶಯ ಮತ್ತು ಶರಾವತಿಯ ಕಾಡು



ವಿದ್ಯುತ್ತಿನ ಮಾತು ಬಂದರೆ ಕನ್ನಡಿಗರು 1902ನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಶಿವನಸಮುದ್ರದಲ್ಲಿ ತಯಾರಾದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿ ಹಾದು ಕೋಲಾರದ ಚಿನ್ನದ ಗಣಿ ಮುಟ್ಟಿದ ವರ್ಷ ಅದು. ಆ ಕಥೆಯ ಎರಡನೆಯ ಅಧ್ಯಾಯವನ್ನು ಮಾತ್ರ ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿತ್ತು, ಗಣಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾದಾಗ ವಿಶ್ವೇಶ್ವರಯ್ಯನವರ ಮನಸ್ಸಿನಲ್ಲಿ ಮಂಡ್ಯದ ಗದ್ದೆಗಳ ಜೊತೆಗೆ ಶಿವನಸಮುದ್ರದ ಯಂತ್ರಗಳೂ ಇದ್ದವು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಬಂದು, ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳಿಗೆ ದಾರಿ ಮಾಡಿದ ವರದಿ ಕೊಟ್ಟವರೂ ಅವರೇ. ತಯಾರಿಸುವುದು ಒಂದು ಕೆಲಸ, ಕೂಡಿಡುವುದು ಇನ್ನೊಂದು ಎಂಬುದು ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಸೌರ ವಿದ್ಯುತ್ತಿನ ವಿಷಯದಲ್ಲಿ ಮೊದಲನೆಯ ಕೆಲಸವನ್ನು ನಾವು ಬಲು ಬೇಗ ಮಾಡಿದ್ದೇವೆ. ಎರಡನೆಯದನ್ನು ಎಲ್ಲಿ, ಯಾವ ನೆಲದ ಮೇಲೆ ಮಾಡಬೇಕು ಎಂಬುದೇ ನನ್ನ ಇಂದಿನ ವಿಷಯ.

2010ರ ಸುಮಾರಿಗೆ ಕೋಲಾರ ಜಿಲ್ಲೆಯ ಯಳೇಸಂದ್ರ, ರಾಯಚೂರು ಜಿಲ್ಲೆಯ ಯಾಪಲದಿನ್ನಿಯಂಥ ಊರುಗಳಲ್ಲಿ ತಲಾ 3 ಮೆಗಾವ್ಯಾಟಿನ ಸೌರ ಘಟಕ ಎದ್ದಾಗ ಅದೇ ದೊಡ್ಡ ಸುದ್ದಿ. ಹತ್ತು ವರ್ಷ ತುಂಬುವುದರೊಳಗೆ ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವ್ಯಾಟಿನ ಪಾರ್ಕು ನಿಂತಿತು. ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ರೈತರಿಂದ ಪಡೆದದ್ದು ಅದರ ವಿಶೇಷ. ಈಗಿನ ತೊಡಕು ಬೇರೆ. ಗ್ರಿಡ್ಡಿನಲ್ಲಿ ಹುಟ್ಟುವ ವಿದ್ಯುತ್ತೂ ಬಳಕೆಯೂ ಕ್ಷಣಕ್ಷಣಕ್ಕೂ ಸರಿದೂಗಬೇಕು, ಆವರ್ತನ 50 ಹರ್ಟ್ಸ್‌ನ ಆಚೀಚೆ ಹೆಚ್ಚು ಕದಲಬಾರದು. ನಡು ಮಧ್ಯಾಹ್ನ ಸೌರ ವಿದ್ಯುತ್ ಉಕ್ಕುತ್ತದೆ, ಆದರೆ ಕಲ್ಲಿದ್ದಲ ಘಟಕಗಳನ್ನು ಸಾಮರ್ಥ್ಯದ ಶೇ. 55ಕ್ಕಿಂತ ಕೆಳಗೆ ಇಳಿಸುವುದು ಕಷ್ಟ. ಹೀಗಾಗಿ ಬಿಸಿಲಿದ್ದಾಗಲೇ ಸೌರ ಘಟಕಗಳಿಗೆ ‘ಕಡಿಮೆ ಮಾಡಿ’ ಎಂದು ಹೇಳಬೇಕಾಗುತ್ತದೆ. ಸಂಜೆ ಆರರಿಂದ ಹತ್ತರವರೆಗೆ ಪರಿಸ್ಥಿತಿ ತಲೆಕೆಳಗು. ಪಾವಗಡದ ಬಿಸಿಲು ಇಳಿಯುವ ಹೊತ್ತಿಗೇ ಇಲ್ಲಿ ಹೈದರಾಬಾದಿನ ನಾರಾಯಣಗೂಡದ ಅಂಗಡಿಗಳ ದೀಪ, ಮನೆಗಳ ಎಸಿ ಒಟ್ಟಿಗೆ ಶುರುವಾಗುತ್ತವೆ. ಕರ್ನಾಟಕ, ತೆಲಂಗಾಣ ಎರಡೂ ಒಂದೇ ದಕ್ಷಿಣ ಗ್ರಿಡ್ಡಿಗೆ ಸೇರಿದವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಚಾಲನೆಗೊಂಡ ಮೇಲೆ ಇಡೀ ದೇಶವೇ ಒಂದು ಜಾಲ. ಕೊರತೆಯಿದ್ದ ಸಂಜೆ ವಿದ್ಯುತ್ ಮಾರುಕಟ್ಟೆಯಲ್ಲಿ ಯೂನಿಟ್ ದರ 10 ರೂಪಾಯಿಯ ಮಿತಿಗೆ ಹೋಗಿ ನಿಲ್ಲುತ್ತದೆ, ಏಕೆಂದರೆ ಅದಕ್ಕಿಂತ ಮೇಲೇರಲು ನಿಯಮ ಬಿಡುವುದಿಲ್ಲ.

ಈ ನಾಲ್ಕು ತಾಸಿನ ಕಂದಕ ತುಂಬಲು ಬಳಕೆಯಲ್ಲಿರುವ ಮಾರ್ಗಗಳು ಮುಖ್ಯವಾಗಿ ಎರಡು. ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಸಂಜೆ ಕೆಳಗೆ ಬಿಡುವುದು ಒಂದು, ಬ್ಯಾಟರಿಯಲ್ಲಿ ತುಂಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ತೆಲಂಗಾಣ ಅದೃಷ್ಟವಂತ ರಾಜ್ಯ. ನಾಗಾರ್ಜುನಸಾಗರದಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗಬಲ್ಲ ಏಳು ಯಂತ್ರಗಳಿವೆ, ಶ್ರೀಶೈಲದ ಎಡದಂಡೆಯಲ್ಲಿ ತಲಾ 150 ಮೆಗಾವ್ಯಾಟಿನ ಆರು ಇವೆ. ಕಟ್ಟಿಯಾಗಿರುವ ಇವುಗಳನ್ನು ಪೂರ್ತಿ ದುಡಿಸಿಕೊಳ್ಳಬೇಕೆಂಬುದರಲ್ಲಿ ಎರಡು ಮಾತಿಲ್ಲ. ಕರ್ನಾಟಕ ಹೊಸದಾಗಿ ಕಟ್ಟಲು ಹೊರಟಿರುವುದು ಶರಾವತಿಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಯೋಜನೆ. ಎರಡೂ ಜಲಾಶಯ ಈಗಾಗಲೇ ಇವೆ, ಹೊಸ ಮುಳುಗಡೆ ಇಲ್ಲ ಎಂಬ ಸಮರ್ಥನೆ ನಿಜ. ಆದರೆ ಅವುಗಳ ನಡುವಿನ ಸುರಂಗ, ನೆಲದಡಿಯ ವಿದ್ಯುದಾಗಾರ, ಅಲ್ಲಿಗೆ ಹೋಗುವ ರಸ್ತೆ ಎಲ್ಲವೂ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ ಬರುತ್ತವೆ, ಸಾವಿರಗಟ್ಟಲೆ ಮರ ಉರುಳಬೇಕಾಗುತ್ತದೆ. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಮರದಿಂದ ಮರಕ್ಕೇ ಅದರ ಓಡಾಟ, ಮೇಲ್ಛಾವಣಿ ಒಂದು ರಸ್ತೆಯಗಲ ಹರಿದರೂ ಹಿಂಡು ಎರಡಾಗುತ್ತದೆ. ಸಂಜೆಯ ನಾಲ್ಕು ತಾಸಿಗಾಗಿ ಈ ಬೆಲೆ ತೆರುವ ಅನಿವಾರ್ಯತೆ ಇಂದು ಉಳಿದಿಲ್ಲ ಎಂಬುದೇ ನನ್ನ ವಾದ. ಆ ಕೆಲಸವನ್ನು ಈಗಾಗಲೇ ಬಳಸಿದ ನೆಲದ ಮೇಲೆ ಬ್ಯಾಟರಿ ಮಾಡಬಲ್ಲದು.

ಆ ಬ್ಯಾಟರಿಯನ್ನು ಹತ್ತಿರದಿಂದ ನೋಡೋಣ. ಗ್ರಿಡ್ಡಿಗೆ ಇಂದು ಹೆಚ್ಚಾಗಿ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ಗೇಣಿಗೆ ತುಸು ಕಡಿಮೆ ಎತ್ತರ, ಏಳು ಸೆಂಟಿಮೀಟರ್ ದಪ್ಪ, ಐದೂವರೆ ಕಿಲೋ ಆಸುಪಾಸಿನ ತೂಕ. 3.2 ವೋಲ್ಟ್, 314 ಆಂಪಿಯರ್-ಅವರ್. ಗುಣಿಸಿದರೆ ಹೆಚ್ಚುಕಡಿಮೆ ಒಂದು ಯೂನಿಟ್, ತಿಂಗಳ ಬಿಲ್ಲಿನಲ್ಲಿ ನಾವು ನೋಡುವ ಅದೇ ಯೂನಿಟ್. ಇಂಥ ಸುಮಾರು ಐದು ಸಾವಿರ ಸೆಲ್‌ಗಳನ್ನು ಇಪ್ಪತ್ತು ಅಡಿಯ ಉಕ್ಕಿನ ಕಂಟೇನರಿನಲ್ಲಿ ಜೋಡಿಸಿ, ನಡುವೆ ತಂಪು ದ್ರವದ ಕೊಳವೆ ಹಾಯಿಸಿ, ವೋಲ್ಟೇಜ್ ಮತ್ತು ಉಷ್ಣತೆ ಕಾಯುವ ವ್ಯವಸ್ಥೆ ಅಳವಡಿಸಿರುತ್ತಾರೆ. ರಾಯಚೂರಿನ ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ಇದ್ದರೂ ಒಳಗೆ 25ರ ಸುತ್ತ ಇರಿಸಬೇಕು, ಅದಕ್ಕೂ ಕರೆಂಟು ಬೇಕು. ತುಂಬಿದ ನೂರು ಯೂನಿಟ್ಟಿನಲ್ಲಿ ಎಂಬತ್ತೈದರ ಆಸುಪಾಸು ಮರಳುತ್ತದೆ, ನೀರೆತ್ತುವ ಪದ್ಧತಿಯಲ್ಲಿ ಎಪ್ಪತ್ತೈದರಿಂದ ಎಂಬತ್ತು. ಶರಾವತಿಯಷ್ಟೇ ಬಲದ, ಅಂದರೆ 2,000 ಮೆಗಾವ್ಯಾಟನ್ನು ನಾಲ್ಕು ತಾಸು ಕೊಡುವ ಬ್ಯಾಟರಿಗೆ 1,600 ಕಂಟೇನರ್ ಸಾಕು. ಅವು ಮುಚ್ಚುವ ನೆಲ ಆರು ಎಕರೆಯಷ್ಟು. ನಡುವಿನ ಜಾಗ, ಟ್ರಾನ್ಸ್‌ಫಾರ್ಮರ್, ರಸ್ತೆ ಎಲ್ಲ ಸೇರಿ ಹತ್ತು ಪಟ್ಟು ಹಿಡಿದರೂ ಅರವತ್ತು ಎಕರೆ. ಪಾವಗಡದ ಒಂದು ಮೂಲೆಯಲ್ಲಿ ಅದು ಅಡಗುತ್ತದೆ.

ದುಡ್ಡಿನ ಲೆಕ್ಕವೂ ಬದಲಾಗಿದೆ. 2022ರಲ್ಲಿ ಭಾರತೀಯ ಸೌರಶಕ್ತಿ ನಿಗಮ ಕರೆದ 500 ಮೆಗಾವ್ಯಾಟಿನ, ಎರಡು ತಾಸಿನ ಬ್ಯಾಟರಿ ಟೆಂಡರಿನಲ್ಲಿ ತಿಂಗಳಿಗೆ ಮೆಗಾವ್ಯಾಟಿಗೆ 10.83 ಲಕ್ಷ ರೂಪಾಯಿ ಬಾಡಿಗೆ ಬಂತು. 2024ರ ಕೊನೆಗೆ ಬೇರೆ ರಾಜ್ಯಗಳ ಟೆಂಡರುಗಳಲ್ಲಿ ಅದು ಎರಡೂಕಾಲು ಲಕ್ಷದ ಆಸುಪಾಸಿಗೆ ಇಳಿಯಿತು. ಇದರಲ್ಲಿ ಕೇಂದ್ರದ ಸಹಾಯಧನದ ಪಾಲಿದೆ, ಮರೆಮಾಚುವುದು ಬೇಡ. ಆದರೂ ದಿನಕ್ಕೊಮ್ಮೆ ಎರಡು ತಾಸು ದುಡಿಯುವ ಒಂದು ಮೆಗಾವ್ಯಾಟ್ ತಿಂಗಳಿಗೆ 60,000 ಯೂನಿಟ್ ಕೊಡುತ್ತದೆ. ಆ ಲೆಕ್ಕದಲ್ಲಿ ಹಳೆಯ ದರ ಯೂನಿಟ್ಟಿಗೆ 18 ರೂಪಾಯಿ, ಹೊಸದು ನಾಲ್ಕರ ಒಳಗೆ. ಹಗಲಿನ ಸೌರ ವಿದ್ಯುತ್ತಿನ ಬೆಲೆ, ಸೋರಿಕೆ ಸೇರಿಸಿದರೂ ಏಳು ರೂಪಾಯಿಯ ಹತ್ತಿರ ನಿಲ್ಲುತ್ತದೆ. ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲಿನಲ್ಲಿ 2017ರಲ್ಲಿ 100 ಮೆಗಾವ್ಯಾಟ್ ಕೂರಿಸಿದಾಗ ಜಗತ್ತು ಬೆರಗಾಯಿತು. 2024ರ ವೇಳೆಗೆ ಕ್ಯಾಲಿಫೋರ್ನಿಯಾ ಒಂದರಲ್ಲೇ 10,000 ಮೆಗಾವ್ಯಾಟ್ ದಾಟಿ, ಕೆಲವು ಸಂಜೆ ಅಲ್ಲಿನ ಬೇರೆ ಯಾವ ಮೂಲಕ್ಕಿಂತಲೂ ಬ್ಯಾಟರಿಯೇ ಹೆಚ್ಚು ವಿದ್ಯುತ್ ಕೊಟ್ಟಿತು. ನಮ್ಮಲ್ಲಿ 2019ರಲ್ಲಿ ದೆಹಲಿಯ ರೋಹಿಣಿಯಲ್ಲಿ 10 ಮೆಗಾವ್ಯಾಟಿನಿಂದ ಶುರುವಾದ ಕೆಲಸಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2031–32ಕ್ಕೆ ಹಾಕಿರುವ ಅಂದಾಜು 47,240 ಮೆಗಾವ್ಯಾಟ್.

ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಜಲವಿದ್ಯುತ್ ಯಂತ್ರ ನಲವತ್ತು ವರ್ಷ ಬಾಳುತ್ತದೆ, ಬ್ಯಾಟರಿಯ ಕರಾರು ಹನ್ನೆರಡು–ಹದಿನೈದು ವರ್ಷ ಅಷ್ಟೇ, ಅಷ್ಟರಲ್ಲಿ ಮೂರು ಸಲ ಕೊಳ್ಳಬೇಕಲ್ಲ ಎನ್ನುತ್ತಾರೆ. ಮೂರು ಸಲ ಕೊಳ್ಳಬೇಕಾದ್ದು ಸೆಲ್‌ಗಳನ್ನು. ನೆಲ, ತಂತಿ, ಸಬ್‌ಸ್ಟೇಷನ್ ಉಳಿಯುತ್ತವೆ, ಎರಡನೆಯ ಸಲ ಕೊಳ್ಳುವಾಗ ಆಗಿನ ಒಳ್ಳೆಯ ತಂತ್ರಜ್ಞಾನವನ್ನು ಆರಿಸಿಕೊಳ್ಳಬಹುದು. ಸುರಂಗ ಕೊರೆದ ಮೇಲೆ ಅಂಥ ಆಯ್ಕೆ ಇಲ್ಲ. ಬೆಂಕಿಯ ಭಯ ಇನ್ನೂ ಗಂಭೀರ. 2019ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಬ್ಯಾಟರಿ ಘಟಕ ಸ್ಫೋಟಿಸಿ ಅಗ್ನಿಶಾಮಕ ಸಿಬ್ಬಂದಿ ತೀವ್ರವಾಗಿ ಗಾಯಗೊಂಡರು. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನ ಬ್ಯಾಟರಿ ಘಟಕ ಹೊತ್ತಿ ಉರಿದು ಸುತ್ತಲಿನ ಜನರನ್ನು ಸ್ಥಳಾಂತರಿಸಬೇಕಾಯಿತು. ಅಲ್ಲಿದ್ದವು ನಿಕಲ್ ಬೆರೆತ ಸೆಲ್‌ಗಳು, ಹಳೆಯ ಟರ್ಬೈನ್ ಕಟ್ಟಡವೊಂದರೊಳಗೆ ಒತ್ತಾಗಿ ಜೋಡಿಸಿದ್ದವು. ಐರನ್ ಫಾಸ್ಫೇಟ್ ಸೆಲ್‌ಗಳು ಅಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ, ಹೊತ್ತಿಕೊಂಡರೆ ಹೊರಬರುವ ಅನಿಲ ಮಾತ್ರ ಅಪಾಯದ್ದೇ. ಆದ್ದರಿಂದ ಬಯಲಿನಲ್ಲಿ, ಕಂಟೇನರುಗಳ ನಡುವೆ ಅಂತರವಿಟ್ಟು, ವಸತಿಯಿಂದ ದೂರ ಇರಿಸಬೇಕೆಂಬ ನಿಯಮ ಕಟ್ಟುನಿಟ್ಟಾಗಬೇಕು. ಹಾಗೆಂದು ನೆಲದಡಿಯ ವಿದ್ಯುದಾಗಾರ ನಿರಪಾಯಕಾರಿ ಎಂದೂ ಹೇಳಲಾಗದು. 2020ರ ಆಗಸ್ಟಿನಲ್ಲಿ ಶ್ರೀಶೈಲದ ಎಡದಂಡೆಯ ವಿದ್ಯುದಾಗಾರದ ಬೆಂಕಿಯಲ್ಲಿ ಒಂಬತ್ತು ಜನ ಜೀವ ತೆತ್ತದ್ದನ್ನು ಹೈದರಾಬಾದಿನವರು ಮರೆತಿಲ್ಲ.

ಸೆಲ್ ಮತ್ತು ಅದರ ಲಿಥಿಯಂಗೆ ಚೀನಾದ ಮೇಲಿನ ಅವಲಂಬನೆಯ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಮಂಡ್ಯದ ಮರಳಗಾಲದಲ್ಲಿ ಅಂದಾಜಿಸಿರುವ ಲಿಥಿಯಂ 1,600 ಟನ್, ದೇಶದ 2031–32ರ ಆ ಅಂದಾಜಿಗೆ ಬೇಕಾದದ್ದರ ಹತ್ತರಲ್ಲೊಂದು ಪಾಲೂ ಅಲ್ಲ. ಆದರೆ ಈ ಅವಲಂಬನೆ ಕೊಳ್ಳುವ ದಿನದ್ದು. ಎಣ್ಣೆಯ ಹಾಗೆ ದಿನದಿನವೂ ಕೈಯೊಡ್ಡಬೇಕಿಲ್ಲ, ಕೊಂಡ ಲಿಥಿಯಂ ಸೆಲ್ ಸತ್ತ ಮೇಲೂ ನಮ್ಮ ಬಳಿಯೇ ಇರುತ್ತದೆ. ಅದನ್ನು ಮರಳಿ ತೆಗೆಯುವ ಕಾರ್ಖಾನೆಗಳಿಗೆ ಈಗಿನಿಂದಲೇ ಹಣ ಹೂಡಬೇಕು.

ಬ್ಯಾಟರಿಯಿಂದ ಆಗದ ಕೆಲಸವನ್ನೂ ಹೇಳಬೇಕು. ಕರ್ನಾಟಕದ ಗಾಳಿ ವಿದ್ಯುತ್ ಹೆಚ್ಚಾಗಿ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬೇಡಿಕೆ ಏರುವುದು ಮಾರ್ಚಿನಲ್ಲಿ. ಮಳೆಗಾಲದ ಗಾಳಿಯನ್ನು ಬೇಸಿಗೆಗೆ ಕೂಡಿಡುವುದು ಬ್ಯಾಟರಿಗೆ ಸಾಧ್ಯವಿಲ್ಲ. ಅದು ಹಗೇವಿನ ಜೋಳವಲ್ಲ, ಆಯಾ ದಿನದ ಬುತ್ತಿ. ಆದರೆ ಶರಾವತಿಯ ಯೋಜನೆಯೂ ಕೆಲವೇ ತಾಸುಗಳ ಬುತ್ತಿಯೇ. ಋತುವಿನಿಂದ ಋತುವಿಗೆ ಕಾಯ್ದಿರಿಸುವ ಕೆಲಸವನ್ನು ಅದೇ ನದಿಯ ಲಿಂಗನಮಕ್ಕಿ ಜಲಾಶಯ ಆಗಲೇ ಮಾಡುತ್ತಿದೆ. ಇದಕ್ಕೆಲ್ಲ ಮೊದಲು ಬರುವ, ಹೆಚ್ಚು ದುಡ್ಡಿಲ್ಲದೆ ಆಗುವ ಕೆಲಸವೊಂದಿದೆ: ಪಂಪ್‌ಸೆಟ್ಟುಗಳನ್ನು ಹಗಲಿಗೆ ತರುವುದು. ತೆಲಂಗಾಣದಲ್ಲಿ 2018ರ ಜನವರಿಯಿಂದ ಕೃಷಿಗೆ 24 ತಾಸು ಉಚಿತ ವಿದ್ಯುತ್ ಕೊಟ್ಟಾಗ, ಪಂಪುಗಳು ಹೊತ್ತುಗೊತ್ತಿಲ್ಲದೆ ಓಡದಂತೆ, ಕರೆಂಟು ಬಂದೊಡನೆ ಅವನ್ನು ತಾನೇ ಓಡಿಸುವ ಆಟೋ ಸ್ಟಾರ್ಟರುಗಳನ್ನು ಕಳಚುವಂತೆ ರೈತರನ್ನು ಕೇಳಿಕೊಳ್ಳಬೇಕಾಯಿತು. ರಾತ್ರಿ ಹಾವು ಚೇಳಿನ ನಡುವೆ ಗದ್ದೆಗೆ ಹೋಗುವ ಕಷ್ಟ ತಪ್ಪಿಸಿ, ಬಿಸಿಲಿದ್ದಾಗಲೇ ತ್ರೀ ಫೇಸ್ ಕೊಟ್ಟರೆ ಸೌರ ವಿದ್ಯುತ್ ಅಲ್ಲೇ ಖರ್ಚಾಗುತ್ತದೆ, ಬ್ಯಾಟರಿಯ ಮೇಲಿನ ಹೊರೆಯೂ ಇಳಿಯುತ್ತದೆ.

ಉಳಿದ ಹೊರೆಗೆ ನೆಲ ಯಾವುದು? ನನ್ನ ಉತ್ತರ ಶಕ್ತಿನಗರ. ಅಲ್ಲಿನ, ಕೃಷ್ಣೆಯ ದಂಡೆಯ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಹಳೆಯ ಘಟಕಗಳು ಒಂದೊಂದಾಗಿ ನಿವೃತ್ತಿಯ ವಯಸ್ಸಿಗೆ ಬರುತ್ತಿವೆ, ಆದರೆ ಅವುಗಳ ತಂತಿ, ಸ್ವಿಚ್‌ಯಾರ್ಡು, ಕೆಲಸ ಬಲ್ಲ ಕೈಗಳು ಅಲ್ಲೇ ಇರುತ್ತವೆ. ಬೂದಿ ಉಸಿರಾಡಿದ ಆ ಊರಿಗೆ ಹೊಗೆಯಿಲ್ಲದ ಉದ್ಯೋಗ ಸಲ್ಲಬೇಕಾದ ಋಣ. ಶರಾವತಿಯ ಕಾಡಿನಲ್ಲಿ ಮೊದಲ ಮರಕ್ಕೆ ಕೊಡಲಿ ಬೀಳುವ ಮುನ್ನ, ಕರ್ನಾಟಕ ಸರ್ಕಾರ ಅದೇ 2,000 ಮೆಗಾವ್ಯಾಟಿಗೆ ಶಕ್ತಿನಗರ ಮತ್ತು ಪಾವಗಡದಲ್ಲಿ ಬ್ಯಾಟರಿಯ ಬಹಿರಂಗ ಟೆಂಡರ್ ಕರೆಯಲಿ. ಸಂಜೆಯ ಯೂನಿಟ್ಟಿಗೆ ಶರಾವತಿ, ಬ್ಯಾಟರಿ ಎರಡರ ದರವನ್ನೂ, ನಲವತ್ತು ವರ್ಷದ ಸೆಲ್ ಬದಲಾವಣೆಯ ಖರ್ಚು ಸೇರಿಸಿ, ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಕನ್ನಡದಲ್ಲಿ ಮಂಡಿಸಿ ಸಾರ್ವಜನಿಕ ವಿಚಾರಣೆ ನಡೆಸಲಿ.