ಹಸುಗೂಸಿನ ಹಾಲು ಮತ್ತು ಕಣ್ಣಿಗೆ ಕಾಣದ ಶತ್ರು



ಶಿಶುಗಳನ್ನು ಕಾಡುವ ಒಂದು ಅಪರೂಪದ ಸೋಂಕಿನ ಕುರಿತು ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬಯಸುತ್ತೇನೆ. ಅಪರೂಪದ್ದಾದರೆ ನಮಗೇಕೆ ಎಂದು ನೀವು ಕೇಳಬಹುದು. ಆದರೆ ಪರೀಕ್ಷೆಯ ಸೌಲಭ್ಯವೇ ಇಲ್ಲದ ಆಸ್ಪತ್ರೆಯಲ್ಲಿ ಯಾವುದು ಅಪರೂಪ, ಯಾವುದು ಸಾಮಾನ್ಯ ಎಂದು ಹೇಳುವವರು ಯಾರು?

ಈ ಬ್ಯಾಕ್ಟೀರಿಯಾದ ಹೆಸರು ಕ್ರೋನೋಬ್ಯಾಕ್ಟರ್. ತನ್ನ ಮಕ್ಕಳನ್ನೇ ನುಂಗಿದ ಗ್ರೀಕ್ ಪುರಾಣದ ಕ್ರೋನೋಸ್‌ನಿಂದ ಬಂದ ಹೆಸರಿದು. ಒಣ ಪುಡಿಯಲ್ಲಿ ಇದು ಬಹುಕಾಲ ಜೀವ ಹಿಡಿದಿರಬಲ್ಲದು. ಮಕ್ಕಳ ಡಬ್ಬಿ ಹಾಲಿನ ಪುಡಿ ಪೂರ್ಣ ಕ್ರಿಮಿರಹಿತವಲ್ಲ ಎಂಬುದು ಎಷ್ಟೋ ತಾಯಂದಿರಿಗೆ ತಿಳಿಯದು. 2001ರಲ್ಲಿ ಅಮೆರಿಕದ ಟೆನೆಸ್ಸಿಯ ಆಸ್ಪತ್ರೆಯೊಂದರಲ್ಲಿ ಶಿಶುವೊಂದು ಈ ಸೋಂಕಿಗೆ ಬಲಿಯಾಯಿತು. ಬೆನ್ನುಹುರಿಯ ದ್ರವದ ಪರೀಕ್ಷೆಯಲ್ಲಿ ಕ್ರಿಮಿ ಪತ್ತೆಯಾದದ್ದರಿಂದ ಜಾಡು ಹಿಡಿದು ಹೋಗಲು ಸಾಧ್ಯವಾಯಿತು. ತೆರೆಯದ ಡಬ್ಬಿಯಲ್ಲೂ ಅದೇ ಕ್ರಿಮಿ ಸಿಕ್ಕಿತು. ಆ ತಂಡದ ಪುಡಿಯನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು.

ಪ್ರಯೋಗಾಲಯವಿಲ್ಲದ ಊರಿನಲ್ಲಾಗಿದ್ದರೆ? "ನಂಜಾಗಿತ್ತು" ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಿತ್ತು. ಮುಂದಿನ ಮಗುವಿಗೂ ಅದೇ ಡಬ್ಬಿಯ ಹಾಲು ಹೋಗುತ್ತಿತ್ತು.

ಎರಡು ತಿಂಗಳೊಳಗಿನ ಮಕ್ಕಳಿಗೆ, ಅದರಲ್ಲೂ ಅವಧಿಗೆ ಮುನ್ನ ಹುಟ್ಟಿದವರಿಗೆ ಅಪಾಯ ಹೆಚ್ಚು. ಬದುಕುಳಿದರೂ ಮಿದುಳಿಗೆ ಹಾನಿಯಾಗಬಹುದು. ಆದರೆ ತಡೆಯುವ ದಾರಿಗೆ ದೊಡ್ಡ ಯಂತ್ರ ಬೇಕಿಲ್ಲ. ಮೊದಲನೆಯದು ತಾಯಿಯ ಹಾಲು. ಮಗು ಚೀಪಲಾರದಿದ್ದರೆ ಶುದ್ಧ ಕೈಯಿಂದ ಹಿಂಡಿ, ಕುದಿಸಿ ತೆಗೆದ ಒಳಲೆಯಲ್ಲಿ ಕುಡಿಸಬಹುದು. ವೈದ್ಯರು ಪುಡಿ ಹಾಲನ್ನೇ ಹೇಳಿದರೆ, ನೀರನ್ನು ಕುದಿಸಿ, ಅರ್ಧ ಗಂಟೆಯೊಳಗೆ, ಅದು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮುನ್ನವೇ ಪುಡಿ ಬೆರೆಸಬೇಕು. ಆಮೇಲೆ ಆರಿಸಿ ಕುಡಿಸಬೇಕು. ಎರಡು ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಬೇಕು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದ ಮಾತಿದು. ಪುಡಿ ದುಬಾರಿ, ಚೆಲ್ಲಲು ಬಡ ತಾಯಿಗೆ ಮನಸ್ಸು ಬಾರದು, ನಿಜ. ಹಾಗಾಗಿ ಪ್ರತಿ ಸಲ ಬೇಕಾದಷ್ಟೇ ಕಲಸಬೇಕು.

ಕೂಸು ಹಾಲು ಬಿಟ್ಟರೆ, ಮಂಕಾದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಫಿಟ್ಸ್ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಸಾಧ್ಯವಿರುವ ಕಡೆ ಔಷಧಿಗೆ ಮೊದಲೇ ರಕ್ತದ ಮಾದರಿ ತೆಗೆಯುತ್ತಾರೆ. ಆ ಸೂಜಿಗೆ ಹೆದರಿ ಬೇಡವೆನ್ನಬೇಡಿ. ಫಲಿತಾಂಶ ಬರುವವರೆಗೆ ಚಿಕಿತ್ಸೆ ನಿಲ್ಲುವುದಿಲ್ಲ. ಬಂದ ಮೇಲೆ ಸರಿಯಾದ ಔಷಧಿ ಆರಿಸಲು ಅದು ನೆರವಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಎಲ್ಲರೂ ಡಾಕ್ಟರಾಗಬೇಕೆಂದಿಲ್ಲ. ಸೂಕ್ಷ್ಮಜೀವಿಶಾಸ್ತ್ರ, ಲ್ಯಾಬ್ ತಂತ್ರಜ್ಞಾನ, ನರ್ಸಿಂಗ್ ಕೂಡ ಜೀವ ಉಳಿಸುವ ವಿದ್ಯೆಗಳೇ. ನಿಮ್ಮಲ್ಲೊಬ್ಬರು ಚಿಕ್ಕ ಊರಿನ ಆಸ್ಪತ್ರೆಯ ಸೂಕ್ಷ್ಮದರ್ಶಕದ ಮುಂದೆ ಕುಳಿತರೆ, ಹೆಸರಿಲ್ಲದ ಎಷ್ಟೋ ಸಾವುಗಳ ಕಾರಣ ತಿಳಿದೀತು. ಕಾರಣ ತಿಳಿದರೆ ಮುಂದಿನ ಕೂಸು ಉಳಿದೀತು.